ಅಳಿಯಂದಿರ ಕಾರಿನ ಹೊಗೆ

"ಫೇಲ್," ಎಂದ ಮೆಕ್ಯಾನಿಕ್ ಶಿವರಾಜು. "ಹೊಗೆ ಮೆಷಿನ್ ಪೈಪ್ ತೂರ್ಸಿ ತೂರ್ಸಿ ನಂಗೇ ಬೇಜಾರಾಯ್ತು ಸಾ. ನಾನು ಎಸ್ಸೆಸ್ಸೆಲ್ಸೀಲೂ ಇಷ್ಟು ನಿಯತ್ತಾಗಿ ಫೇಲ್ ಆಗಿರ್ನಿಲ್ಲ."

ಮಲ್ಲಿಕಾರ್ಜುನಸ್ವಾಮಿ ನಗಬೇಕಿತ್ತು. ನಗು ಬರಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಆ ಗ್ಯಾರೇಜಿನಲ್ಲಿ ನಿಂತಿದ್ದ ಬಿಳಿ ಕಾರಿನ ಡ್ರೈವರ್ ಸೀಟಿನ ಮೇಲೆ ಇನ್ನೂ ಒಂದು ಟವೆಲ್ಲು ಹಾಸಿಯೇ ಇತ್ತು. ಬಾಡಿಗೆಗೆ ಆ ಕಾರು ಓಡಿಸುತ್ತಿದ್ದ ಗುರುಪ್ರಕಾಶ್ ಹಾಸಿಕೊಂಡಿದ್ದ ಟವೆಲ್ಲು. ಹೋದ ತಿಂಗಳು ಅದರ ಮೇಲೆ ಒರಗಿ ಮಧ್ಯಾಹ್ನದ ನಿದ್ದೆಗೆ ಹೋದವನು ಮತ್ತೆ ಎದ್ದಿರಲಿಲ್ಲ.

ಪೋಸ್ಟ್‌ಮಾರ್ಟಂ ಇಲ್ಲದೆ ಮಣ್ಣು ಮಾಡಿಯಾದ ಮೇಲೆ, ಊಟದ ಡಬ್ಬಿಗೆ ಹೆಂಡತಿ ನಾಗಶ್ರೀಯೇ ವಿಷ ಹಾಕಿದ್ದಾಳೆಂದು ಅವನ ತಾಯಿ ಶಿವರತ್ನಮ್ಮ ದೂರು ಕೊಟ್ಟಿದ್ದರು. ದೂರು ಕೊಟ್ಟ ಕೈಯಲ್ಲೇ ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಯಳಂದೂರಿನ ಮನೆಗೆ ಹೋಗಿದ್ದರು. ಅಂದಿನಿಂದ ನಾಗಶ್ರೀ ತನ್ನ ಕೂಸಿನ ಮುಖ ಕಂಡಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಬಂಧಿಸಬೇಕಾಗುತ್ತದೆಂದು ಹನೂರಿನ ಎಸ್‌ಐ ರೂಪ ನಿನ್ನೆಯೇ ತಿಳಿಸಿದ್ದರು. ಹಾಗೇನಾದರೂ ಆದರೆ ಮಗು ಇನ್ನು ಯಳಂದೂರಿನದೇ. ಮಲ್ಲಿಕಾರ್ಜುನನ ಕೈಯಲ್ಲಿ ಉಳಿದಿದ್ದುದು ಇದೊಂದು ಹಗಲು, ಇದೊಂದು ಕಾರು.

ಅವನು ಪೊಲೀಸನಲ್ಲ. ವಿಮೆಯವರ ಪರವಾಗಿ ಸುಳ್ಳು ಅಪಘಾತಗಳ ಬೆನ್ನು ಹತ್ತಿ ಹತ್ತಿ ಪತ್ತೇದಾರನಾದವನು. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ ಎಲ್ಲದರ ದನಿಯನ್ನೂ ಅಣಕಿಸಿ ತೆಗೆದು ಹೆಸರು ಮಾಡಿದ್ದ. ನಾಗಶ್ರೀಯ ತಂದೆ ಸದಾಶಿವಪ್ಪನವರು ಮನೆ ಬಾಗಿಲಿಗೆ ಬಂದು, "ನನ್ ಮಗಳ ಮೇಲಿರೋ ಮಾತು ಒರ್ಸಾಕಿ ಸ್ವಾಮಿ, ಅಷ್ಟು ಸಾಕು" ಎಂದು ಕೈ ಮುಗಿದಿದ್ದರು. ಅದೊಂದು ದನಿಯನ್ನು ಮಾತ್ರ ಅವನು ಒಬ್ಬನೇ ಇದ್ದಾಗಲೂ ತೆಗೆದಿರಲಿಲ್ಲ.

ಸದಾಶಿವಪ್ಪನವರದೇ ಒಂದು ವಾಯುಮಾಲಿನ್ಯ ತಪಾಸಣಾ ಕೇಂದ್ರ ಹನೂರು ರಸ್ತೆಯಲ್ಲಿತ್ತು. ಆದರೂ ಮಲ್ಲಿಕಾರ್ಜುನ ಹೊಗೆ ಅಳೆಯುವ ಮೆಷಿನ್ನನ್ನು ಪೆಟ್ರೋಲ್ ಬಂಕಿನಿಂದ ಎರವಲು ತರಿಸಿದ್ದ. ಅಪ್ಪನ ಮೆಷಿನ್ನು ಮಗಳ ಪರ ಸಾಕ್ಷಿ ಹೇಳಿತೆಂದು ನಾಳೆ ಯಾರೂ ಆಡಿಕೊಳ್ಳಬಾರದು.

ಕಾರನ್ನು ತಡಕಬೇಕು ಎನ್ನಿಸಿದ್ದು ಶಿವರತ್ನಮ್ಮನವರ ಒಂದು ಮಾತಿನಿಂದ. "ನನ್ ಮಗನ ಮುಖ ಕೆಂಪಗಿತ್ತು ಕಣ್ರಿ. ಸತ್ತೋರ ಮುಖ ಅಂಗಿರ್ತದಾ?" ಆಕೆ ಅದನ್ನು ವಿಷದ ಗುರುತು ಎಂದೇ ಹೇಳಿದ್ದು. ಮಲ್ಲಿಕಾರ್ಜುನ ಹಿಂದೊಮ್ಮೆ ವಿಮೆಯ ಕೇಸಿನಲ್ಲಿ ಅಂಥ ಕೆಂಪು ಮುಖ ಕಂಡಿದ್ದ. ಅದು ಊಟದಿಂದ ಬಂದ ಕೆಂಪಾಗಿರಲಿಲ್ಲ, ಉಸಿರಿನಿಂದ ಬಂದದ್ದು.

"ಅದ್ಯಾಕೆ ಹಿಂಗೆ ಎದೆ ನೋವಿರೋರ ಥರ ಉಸಿರಾಡ್ತಿದೆ?" ಎಂದು ಅವನು ಕಾರಿನ ಕಡೆ ಕಿವಿ ಕೊಟ್ಟ. "ಗುರ್‌ರ್... ಗುರ್‌ರ್... ಹುಫ್. ಗುರ್‌ರ್... ಹುಫ್."

ಶಿವರಾಜು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತ ಹಲ್ಲು ಬಿಟ್ಟ. "ಬಾಯಲ್ಲೇ ಇಂಜಿನ್ ಓಡುಸ್ತೀರಲ್ಲ ಸಾ. ಪೆಟ್ರೋಲ್ ಉಳೀತದೆ ಬುಡಿ." ಆಮೇಲೆ ಸ್ಕ್ಯಾನರಿನ ಪರದೆಯನ್ನು ಅವನ ಕಡೆ ತಿರುಗಿಸಿದ. "ಆಕ್ಸಿಜನ್ ಸೆನ್ಸಾರ್ ತಕರಾರು. ಹೊಸ್ದು ಆಕ್ಬುಡಣ."

"ಸೆನ್ಸಾರಾ? ಅದು ಸಿನಿಮಾಗೆ ಮಾತ್ರ ಅಂದ್ಕೊಂಡಿದ್ದೆ ಕಣಯ್ಯ. ಕಾರಿಗೂ ಕತ್ತರಿ ಹಾಕ್ತಾರಾ?"

"ಇದು ಕತ್ತರಿ ಆಕಲ್ಲ ಸಾ, ಚಾಡಿ ಏಳ್ತದೆ. ಸೈಲೆನ್ಸರ್ ಪೈಪ್ ಒಳಗೆ ಕುಂತ್ಕಂಡು, ಹೊಗೇಲಿ ಗಾಳಿ ಉಳ್ದದಾ ಇಲ್ವಾ ಅಂತ ಮೂಸಿ ನೋಡಿ ಇಂಜಿನ್ ಕಂಪ್ಯೂಟರ್‌ಗೆ ಏಳೋದು. ಗಾಳಿ ಉಳ್ದದೆ ಅಂದ್ರೆ ಕಂಪ್ಯೂಟರು ಪೆಟ್ರೋಲ್ ಜಾಸ್ತಿ ಕುಡುಸ್ತದೆ. ಇಲ್ಲ ಅಂದ್ರೆ ಕೈ ಬಿಗಿ ಮಾಡ್ತದೆ."

"ಈಗ ಏನಂತ ಚಾಡಿ?"

"ಗಾಳಿ ಸಿಕ್ಕಾಪಟ್ಟೆ ಅದೆ, ಪೆಟ್ರೋಲ್ ಸಾಲ್ದು ಅಂತ."

"ಬಂಕಿನ ಮೆಷಿನ್ನು?"

"ಅದು ತಿರ್ಗಾಮುರ್ಗಾ. ಪೆಟ್ರೋಲ್ ಜಾಸ್ತಿಯಾಗಿ ಅರ್ಧಂಬರ್ಧ ಉರೀತಾ ಅದೆ ಅಂತದೆ. ಕಾರ್ಬನ್ ಮಾನಾಕ್ಸೈಡು ಇರ್ಬೇಕಾದ್ದು ಸೊನ್ನೆ ಪಾಯಿಂಟ್ ಮೂರರೊಳಗೆ. ಇಲ್ಲಿ ನಾಲ್ಕು ತೋರುಸ್ತಾ ಅದೆ. ಅದುಕ್ಕೇ ಅಂದಿದ್ದು, ಸೆನ್ಸಾರ್ ಸುಳ್ಳು ಏಳ್ತಾ ಅದೆ ಅಂತ."

ಮಲ್ಲಿಕಾರ್ಜುನ ಕಾರಿನ ಮುಂಭಾಗದಿಂದ ಹಿಂಭಾಗಕ್ಕೆ, ಹಿಂಭಾಗದಿಂದ ಮುಂಭಾಗಕ್ಕೆ ನಡೆದ. ಒಂದಕ್ಕೊಂದು ಹೊಂದದ ಸಾಕ್ಷಿಗಳನ್ನು ಅವನು ಕೇಳಿ ಪಳಗಿದ್ದ. ಹತ್ತರಲ್ಲಿ ಎಂಟು ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ, ನಿಂತ ಜಾಗ ಮಾತ್ರ ಬೇರೆಯಿರುತ್ತದೆ.

"ಶಿವರಾಜು, ಅದು ಸುಳ್ಳು ಹೇಳ್ತಿಲ್ಲ ಅಂದ್ಕೋ. ಅದು ಕೂತಿರೋ ಕಡೆ ನಿಜವಾಗ್ಲೂ ಗಾಳಿ ಜಾಸ್ತಿ ಇದ್ರೆ?"

"ಅದೆಂಗ್ ಇದ್ದದು ಸಾ? ಪೈಪ್ ಒಳಗೆ ಆಚೆ ಗಾಳಿ ನುಗ್ಗಬೇಕು ಅಂದ್ರೆ ಸೆನ್ಸಾರ್‌ಗೂ ಮುಂದೆ ಎಲ್ಲಾರಾ..."

ಮಾತು ಅಲ್ಲಿಗೇ ನಿಂತಿತು. ಶಿವರಾಜು ಒದ್ದೆ ಬಟ್ಟೆಯೊಂದನ್ನು ಉಂಡೆ ಮಾಡಿ ಹಿಂದಿನ ಸೈಲೆನ್ಸರಿನ ಬಾಯಿಗೆ ತುರುಕಿದ. ಹಿಂದಕ್ಕೆ ದಾರಿಯಿಲ್ಲದ ಹೊಗೆ ಬಾನೆಟ್ಟಿನೊಳಗೆಲ್ಲೋ ಬಾಯಿಬಿಟ್ಟಿತು. ಚುಸ್, ಚುಸ್, ಚುಸ್. ಮಲ್ಲಿಕಾರ್ಜುನನ ನಾಲಿಗೆ ಅಭ್ಯಾಸಬಲದಿಂದ ಆ ಸದ್ದನ್ನು ತೆಗೆಯಲು ಹೋಗಿ ಹಲ್ಲಿನ ಹಿಂದೆಯೇ ನಿಂತುಕೊಂಡಿತು.

ಬಿಸಿ ತಡೆಯುವ ತಗಡನ್ನು ಶಿವರಾಜು ಕಳಚಿದ. ಇಂಜಿನ್ನಿನಿಂದ ಹೊಗೆ ಹೊರಡುವ ಪೈಪು ಕೆಳಗಿನ ಪೈಪಿಗೆ ಕೂಡುವ ಕಡೆ ಮೂರು ನಟ್ಟುಗಳಿರಬೇಕಿತ್ತು. ಇದ್ದದ್ದು ಒಂದು. ಆ ಸಂದಿನಿಂದ ಮಸಿಯ ದಪ್ಪನೆಯ ಬೀಸಣಿಗೆಯೊಂದು ಬಿಚ್ಚಿಕೊಂಡು, ಡ್ರೈವರಿನ ಮುಂದಿನ ಗೋಡೆಯ ಮೇಲೆ ಹತ್ತಿ, ಎಸಿಗೆ ಗಾಳಿ ಎಳೆಯುವ ಕಿಂಡಿಯವರೆಗೂ ಹೋಗಿತ್ತು.

"ಅಯ್ಯೋ ಮಾದಪ್ಪ," ಎಂದ ಶಿವರಾಜು ಮೆಲ್ಲಗೆ. "ಈ ಸಂದೀಲಿ ಆಚೆ ಗಾಳಿ ಒಳಕ್ಕೂ ಓಯ್ತದೆ, ಹೊಗೆ ಆಚ್ಗೂ ಬತ್ತದೆ. ಸೆನ್ಸಾರು ಗಾಳಿ ಕಂಡು ಇನ್ನೂ ಪೆಟ್ರೋಲ್ ಕೇಳದೆ. ಕೇಳ್ದಷ್ಟೂ ಹೊಗೆ ಇನ್ನೂ ಕೆಟ್ಟದೆ. ಅದುನ್ನ ಎಸಿ ತಕಂಡೋಗಿ..."

ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಆ ದಿನ ಗುರುಪ್ರಕಾಶ್ ಬಾಡಿಗೆಗೆಂದು ಒಂದು ಮನೆಯವರನ್ನು ಅಜ್ಜೀಪುರದ ಬೀಗರ ಊಟಕ್ಕೆ ಕರೆದೊಯ್ದಿದ್ದ. ಬೀಗರ ಊಟವೆಂದರೆ ಬಾಡೂಟ. ಅವನು ಮಾಂಸ ಮುಟ್ಟುವವನಲ್ಲ, ಅದಕ್ಕೇ ಮನೆಯಿಂದ ಡಬ್ಬಿ. ಬಾ ಬಾ ಎಂದು ಕರೆಯುವವರಿಗೆ ಇಲ್ಲ ಇಲ್ಲ ಎಂದು ಎಷ್ಟು ಸಲ ಹೇಳುವುದು? ಮಸಾಲೆಯ ವಾಸನೆ ಬಾರದ ಹಾಗೆ ಗಾಜುಗಳನ್ನು ಪೂರ್ತಿ ಏರಿಸಿ, ಎಸಿ ಹಾಕಿ, ನೆರಳಿನಲ್ಲಿ ಮಲಗಿದ. ಅರ್ಧಂಬರ್ಧ ಉರಿದ ಪೆಟ್ರೋಲಿನ ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ದೆಯ ವೇಷದಲ್ಲೇ ಬರುತ್ತದೆ.

"ಹಂಗಾದ್ರೆ ಡಬ್ಬೀಲಿ ಏನೂ ಇರ್ಲಿಲ್ಲ," ಎಂದ ಮಲ್ಲಿಕಾರ್ಜುನ.

"ಅನ್ನ ಇದ್ದದು," ಎಂದ ಶಿವರಾಜು. ನಂತರ ಟಾರ್ಚನ್ನು ಇನ್ನೂ ಹತ್ತಿರ ಹಿಡಿದ. "ಸಾ, ಇಲ್ನೋಡಿ. ಆ ಎಲ್ಡು ನಟ್ಟು ತಾವಾಗೇ ಉದ್ರಿದ್ದಲ್ಲ. ಉದ್ರಿದ್ರೆ ಬೋಲ್ಟಿನ ಥ್ರೆಡ್ಡು ಸವೆದಿರೋದು. ಇದು ಬಿಚ್ಚಿರೋದು. ಮೂರನೇದ್ರ ಮೂಲೆ ನೋಡಿ, ಸ್ಪ್ಯಾನರ್ ಜಾರಿ ಉಜ್ಜೋಗದೆ. ತುಕ್ಕಿಡ್ದು ಬಂದಿಲ್ಲ, ಬುಟ್ಟವ್ರೆ."

ಮಲ್ಲಿಕಾರ್ಜುನ ಫೋನು ತೆಗೆದು ಚಿತ್ರ ಹಿಡಿದ. "ಈ ನಟ್ಟಿನ ವಿಷಯ ನಿನಗೆ ಗೊತ್ತು, ನನಗೆ ಗೊತ್ತು. ಮೂರನೆಯವರ ಕಿವಿಗೆ ಬೀಳಬಾರದು."

"ಬುಡಿ ಸಾ, ನಾನೇನು ಸೆನ್ಸಾರಾ?" ಎಂದ ಶಿವರಾಜು. ಆದರೆ ಅವನ ಕಣ್ಣು ಮುಂದಿನ ಗಾಜಿಗೆ ಅಂಟಿಸಿದ್ದ ಚೀಟಿಯ ಮೇಲಿತ್ತು. "ಅಲ್ಲ, ಸಾಯೋಕೆ ಒಂದ್ ವಾರ ಮುಂಚೆ ಎಮಿಷನ್ ಪಾಸ್ ಆಗದಲ್ಲ. ಇದು ಎಂಗ್ ಸಾ ಪಾಸ್ ಆಯ್ತು? ಸದಾಶಿವಪ್ಪೋರ ಸೆಂಟರ್‌ದೇ."

*

ಹನೂರು ರಸ್ತೆಯ ಆ ತಪಾಸಣಾ ಕೇಂದ್ರವೆಂದರೆ ತಗಡಿನ ಮಾಡು, ಒಂದು ಕಂಪ್ಯೂಟರು, ಒಂದು ಮೆಷಿನ್ನು, ಎರಡು ಪ್ಲಾಸ್ಟಿಕ್ ಕುರ್ಚಿ. ಸದಾಶಿವಪ್ಪನವರು ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒಂದು ಆಟೋದ ಹಿಂದೆ ಬಗ್ಗಿದ್ದರು. ಮಲ್ಲಿಕಾರ್ಜುನನನ್ನು ಕಂಡೊಡನೆ ಕೈಯಲ್ಲಿದ್ದ ಪೈಪನ್ನು ಹಾಗೇ ಬಿಟ್ಟು ಕುರ್ಚಿಯ ಧೂಳು ಹೊಡೆದರು.

"ಕುಂತ್ಕಳಿ ಸ್ವಾಮಿ. ಏನಾರಾ...?"

"ವಿಷ ಅಲ್ಲ ಯಜಮಾನ್ರೇ. ಕಾರಿನ ಹೊಗೆ. ನಿಮ್ಮ ಮಗಳ ಅಡುಗೇಲಿ ಏನೂ ತಪ್ಪಿರ್ಲಿಲ್ಲ."

ಸದಾಶಿವಪ್ಪನವರು ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡರು. ಹೆಗಲು ಅಲುಗಿತು. ಆಟೋದವನು ಇವರಿಬ್ಬರ ಮುಖವನ್ನೂ ನೋಡಿ, ಆಮೇಲೆ ಬರುತ್ತೇನೆಂದು ಗಾಡಿ ತೆಗೆದುಕೊಂಡು ಹೊರಟುಹೋದ.

"ಹೊಗೆ," ಎಂದರು ಸದಾಶಿವಪ್ಪನವರು ಕೈ ಕೆಳಗಿಳಿಸಿ. ಆ ಮಾತನ್ನು ಇವತ್ತೇ ಮೊದಲ ಸಲ ಕೇಳಿದವರ ಹಾಗೆ.

"ಸೈಲೆನ್ಸರ್ ಪೈಪಿನ ಸಂದು ಬಿಟ್ಟಿತ್ತು. ಇವತ್ತು ಬಂಕಿನ ಮೆಷಿನ್ನಲ್ಲಿ ನೋಡಿದ್ವಿ, ಕಾರ್ಬನ್ ಮಾನಾಕ್ಸೈಡ್ ನಾಲ್ಕು." ಮಲ್ಲಿಕಾರ್ಜುನ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ನಿಮ್ಮಲ್ಲಿ ಅದೇ ಕಾರು ಪಾಸ್ ಆಗಿದೆ."

ಸದಾಶಿವಪ್ಪನವರು ಕಂಪ್ಯೂಟರಿನ ಕಡೆ ನೋಡಿದರು.

"ನೀವು ನಿಜವಾಗಿ ಪೈಪ್ ಹಾಕಿದ್ದು, ಆಗ ಪಾಸಾಗಿದ್ದು ಅಂದ್ರೆ, ಸಂದು ಬಿಟ್ಟಿದ್ದು ಆಮೇಲಿನ ವಾರದಲ್ಲಿ. ಅದನ್ನೇ ಹೇಳಿ, ನಾನು ಎದ್ದು ಹೋಗ್ತೀನಿ." ಅವನಿಗೆ ನಿಜಕ್ಕೂ ಎದ್ದು ಹೋಗಬೇಕಿತ್ತು. "ಅವತ್ತು ಪೈಪ್ ಹಾಕಿದ್ರಾ?"

ಸದಾಶಿವಪ್ಪನವರು ನೆಲದ ಮೇಲೆ ಬಿದ್ದಿದ್ದ ಪೈಪನ್ನು ಎತ್ತಿ, ಅದರ ತುದಿಯ ಮಸಿ ಒರೆಸಿ, ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದರು.

"ಇಲ್ಲ."

"ಮತ್ತೆ ಕಂಪ್ಯೂಟರ್‌ಗೆ...?"

"ಪಕ್ಕದಲ್ಲಿ ಒಂದ್ ಹೊಸ ಕಾರು ನಿಂತಿತ್ತು. ಫೋಟೋ ಅಳಿಯಂದ್ರ ನಂಬರ್ ಪ್ಲೇಟ್‌ದು ಹೊಡ್ದೆ. ಪೈಪು ಆ ಕಾರಿಗೆ ಹಾಕ್ದೆ."

"ಯಾಕೆ ಯಜಮಾನ್ರೇ? ನಿಮ್ಮ ಮನೇದೇ ಗಾಡಿ. ಕೈಯಳತೇಲಿ ಮೆಷಿನ್ನು."

"ಮನೇದು ಅಂತ್ಲೇ ಸ್ವಾಮಿ." ಈಗ ಅವರು ಅವನ ಮುಖ ನೋಡಿದರು. "ಮನೆ ಅಳಿಯಂದ್ರು. ಅವ್ರನ್ನ ಆಟೋ ಟೆಂಪೋ ಸಾಲಲ್ಲಿ ನಿಲ್ಲಿಸಿ, ಅವ್ರ ಗಾಡಿ ಹಿಂದ್ಗಡೆ ನಾನು ಬಗ್ಗಿ ಪೈಪ್ ತೂರ್ಸೋದಾ? ಅಷ್ಟು ಜನದ ಮುಂದೆ ನಿಮ್ ಗಾಡೀನ ಪರೀಕ್ಷೆ ಮಾಡ್ತೀನಿ ಅನ್ನೋದಾ? ಮರ್ಯಾದೆ ಅಂತ ಒಂದಿಲ್ವಾ? ನಮ್ಮಲ್ಲಿ ಅಳಿಯಂದ್ರು ಮನೇಗೆ ಬಂದ್ರೆ ನೀರಿನ ಚೊಂಬು ಕೂಡ ಬಗ್ಗಿ ತಗೊಳಂಗೆ ಬಿಡಲ್ಲ. ನೀವ್ ಕುಂತಿರೋ ಈ ಕುರ್ಚೀಲೇ ಕೂರ್ಸಿ, ಕಾಫಿ ತರ್ಸ್ದೆ."

ಮಲ್ಲಿಕಾರ್ಜುನನಿಗೆ ಕುರ್ಚಿ ಚುಚ್ಚಿದಂತಾಯಿತು. ಮೆಷಿನ್ನು ಕೊಡುವ ಗೌರವಕ್ಕಿಂತ ಕುರ್ಚಿ ಕೊಡುವ ಗೌರವ ದೊಡ್ಡದಾಗಿತ್ತು. ಬೇರೆ ದಿನವಾಗಿದ್ದರೆ ಅವನು ಇದರ ಮೇಲೆ ಏನಾದರೂ ಒಂದು ಮಾತು ಹೊಸೆಯುತ್ತಿದ್ದ. ಇಂದು ಕುರ್ಚಿಯಿಂದ ಎದ್ದು ನಿಂತ.

"ಅವರೇನೂ ಹೇಳ್ಲಿಲ್ವಾ?"

ಸದಾಶಿವಪ್ಪನವರ ಬಾಯಿಂದ ಹೊರಬಿದ್ದ ದನಿ ಅವರದಾಗಿರಲಿಲ್ಲ. ಹರೆಯದ, ಸ್ವಲ್ಪ ಸಂಕೋಚದ, ನಗುವಿನ ಅಂಚಿನಲ್ಲಿದ್ದ ದನಿ.

"'ಮಾವ, ಯಾಕೋ ಈಚೆಗೆ ಗಾಡೀಲಿ ಕುಂತ್ರೆ ತಲೆ ನೋಯ್ತದೆ. ಒಂದ್ ಸಲ ಪೈಪ್ ಹಾಕಿ ನೋಡ್ರಲ್ಲ.'"

ದನಿ ಕದಿಯುವುದು ಮಲ್ಲಿಕಾರ್ಜುನನ ಕಸುಬು. ಇದು ಕದ್ದದ್ದಲ್ಲ. ಈ ತಿಂಗಳೆಲ್ಲ ಮುದುಕರ ಗಂಟಲಲ್ಲಿ ಸಿಕ್ಕಿಕೊಂಡೇ ಇದ್ದದ್ದು.

"ನಾನ್ ನಗಾಡ್ದೆ ಸ್ವಾಮಿ. 'ಬೀಡಿ ಕೂಡ ಸೇದದೋರು ನೀವು, ನಿಮ್ ಗಾಡಿ ಹೊಗೆ ಬಿಡ್ತದಾ?' ಅಂದೆ. ಅವ್ರೂ ನಕ್ರು. ಕಾಫಿ ಕುಡುದ್ರು. ಹೋದ್ರು."

ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸೊಂದು ಹಾರ್ನು ಹಾಕಿಕೊಂಡು ಹೋಯಿತು.

"ಇದನ್ನ ರೂಪ ಮೇಡಂ ಮುಂದೆ ಹೇಳ್ಬೇಕು," ಎಂದ ಮಲ್ಲಿಕಾರ್ಜುನ. "ಹೇಳಿದ್ರೆ ಸೆಂಟರ್ ಹೋಗುತ್ತೆ. ಕೇಸೂ ಆಗಬಹುದು. ಆದರೆ ಅವರು ಬದುಕಿದ್ದಾಗ್ಲೇ ಕಾರಲ್ಲಿ ಹೊಗೆ ಇತ್ತು ಅನ್ನೋದಕ್ಕೆ ನಿಮ್ಮ ಬಿಟ್ರೆ ಬೇರೆ ಬಾಯಿಲ್ಲ."

"ಹೇಳುದ್ರೆ ಕೂಸು ಬತ್ತದಾ?"

"ಬರಬೇಕು."

"ಹಂಗಾದ್ರೆ ನಡೀರಿ." ಅವರು ಮೆಷಿನ್ನಿನ ಸ್ವಿಚ್ಚು ಆರಿಸಿದರು. "ಮಗಳಿಗೆ ಮಾತ್ರ ದಾರೀಲಿ ಹೇಳ್ಬೇಡಿ. ನಾನೇ ಹೇಳ್ತೀನಿ, ಅಲ್ಲೇ."

*

ಮಧುವನಹಳ್ಳಿಯಲ್ಲಿ ನಾಗಶ್ರೀ ಮಲ್ಲಿಕಾರ್ಜುನನ ಕಾರು ಹತ್ತಿದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಮಗುವಿನದೊಂದು ಫ್ರಾಕು. ವಿಷವಲ್ಲ ಎಂದು ಮಲ್ಲಿಕಾರ್ಜುನ ಫೋನಿನಲ್ಲಿ ಹೇಳಿದ್ದಷ್ಟೇ ಅವಳಿಗೆ ಗೊತ್ತು.

"ಡಬ್ಬಿ ತೊಳೆದುಬಿಟ್ಟೆ ಅಂತ ಎಲ್ರೂ ಅಂದ್ರಣ್ಣ," ಎಂದಳು ಕಾಮಗೆರೆ ದಾಟುವಾಗ. "ಅವರನ್ನ ತಂದು ಮಲಗಿಸಿದ್ರು. ಯಾರೋ ಡಬ್ಬೀನ ಬಚ್ಚಲಲ್ಲಿಟ್ಟಿದ್ರು. ದಿನಾ ತೊಳೀತಿದ್ನಲ್ಲ, ಕೈ ಸುಮ್ನಿರ್ಲಿಲ್ಲ. ಏನ್ ಮಾಡ್ತಿದೀನಿ ಅಂತ್ಲೂ ಗೊತ್ತಿರ್ಲಿಲ್ಲ."

ಮುಂದಿನ ಸೀಟಿನಲ್ಲಿದ್ದ ಸದಾಶಿವಪ್ಪನವರು ಹಿಂದಕ್ಕೆ ಕೈ ಚಾಚಿದರು. ನಾಗಶ್ರೀ ಆ ಕೈಯನ್ನು ಹಿಡಿದುಕೊಂಡಳು. ಹನೂರು ಬರುವವರೆಗೂ ಹಾಗೇ ಹಿಡಿದುಕೊಂಡಿದ್ದಳು.

ಠಾಣೆಯ ಬೆಂಚಿನ ಮೇಲೆ ಶಿವರತ್ನಮ್ಮ ಕುಳಿತಿದ್ದರು. ಸೊಸೆಯನ್ನು ಬಂಧಿಸುವವರೆಗೂ ಕದಲುವುದಿಲ್ಲವೆಂದು ಯಳಂದೂರಿನಿಂದ ಬೆಳಿಗ್ಗೆಯೇ ಬಂದು ಕೂತವರು. ತೊಡೆಯ ಮೇಲೆ ಕೂಸು ನಿದ್ದೆ ಹೋಗಿತ್ತು. ನಾಗಶ್ರೀ ಎರಡು ಹೆಜ್ಜೆ ಮುಂದಿಟ್ಟದ್ದೇ ತಡ, ಶಿವರತ್ನಮ್ಮ ಸೆರಗು ಎಳೆದು ಮಗುವಿನ ಮುಖ ಮುಚ್ಚಿದರು.

"ನೋಡ್ಬ್ಯಾಡ. ಅಪ್ಪನ್ನ ತಿಂದ್ ಕಣ್ಣು ಕೂಸಿನ ಮೇಲೆ ಬೀಳದ್ ಬ್ಯಾಡ."

"ಅತ್ತೆ, ಒಂದೇ ಒಂದ್ ಸಲ..."

"ಇಬ್ರೂ ಸ್ವಲ್ಪ ಸುಮ್ನಿರಿ," ಎಂದರು ಎಸ್‌ಐ ರೂಪ. ಜೋರು ದನಿಯಲ್ಲ, ಆದರೂ ಇಬ್ಬರೂ ಸುಮ್ಮನಾದರು. "ಹೇಳಿ ಮಲ್ಲಿಕಾರ್ಜುನಸ್ವಾಮಿ."

ಅವನು ಹೇಳಿದ. ಸೆನ್ಸಾರು, ಮೆಷಿನ್ನು, ಬಿಟ್ಟ ಸಂದು, ಎಸಿ, ಕೆಂಪು ಮುಖ. ಕೆಂಪು ಮುಖ ಎಂದಾಗ ಶಿವರತ್ನಮ್ಮ ತಲೆ ಎತ್ತಿದರು. ರೂಪ ಕಡೆಯವರೆಗೂ ಕೇಳಿಸಿಕೊಂಡರು.

"ನೀವು ಹೇಳೋದು ಸರಿ ಇರಬಹುದು. ಆದರೆ ಸಂದು ಯಾವಾಗ ಬಿಟ್ತು? ಕಾರು ಒಂದು ತಿಂಗಳು ಬಯಲಲ್ಲಿ ನಿಂತಿತ್ತು. ನಿನ್ನೆ ಎಳಕೊಂಡು ಹೋದ್ರಿ. ಇವತ್ತು ಗ್ಯಾರೇಜಲ್ಲಿ ಬಿಚ್ಚಿದ್ರಿ. ಮಧ್ಯದಲ್ಲಿ ಯಾರು ಕೈ ಹಾಕಿದ್ರು ಅಂತ ವಕೀಲರು ಕೇಳ್ದೇ ಇರ್ತಾರಾ?"

"ಮಸಿ ದಪ್ಪಗಿದೆ ಮೇಡಂ."

"ಮಸಿ ಮೇಲೆ ತಾರೀಖು ಬರೆದಿರಲ್ಲ. ಅವರು ಬದುಕಿದ್ದಾಗ್ಲೇ ಹಂಗಿತ್ತು ಅನ್ನೋರು ಬೇಕು."

ಮಲ್ಲಿಕಾರ್ಜುನ ಸದಾಶಿವಪ್ಪನವರ ಕಡೆ ನೋಡಿದ. ಅವರು ಎದ್ದು ನಿಂತು, ಸಾಕ್ಷಿ ಹೇಳುವವರಂತೆ ಕೈ ಕಟ್ಟಿಕೊಂಡು, ಆ ದಿನದ ಕಾಫಿ, ಕುರ್ಚಿ, ಪಕ್ಕದ ಕಾರಿಗೆ ಹಾಕಿದ ಪೈಪು, ತಲೆನೋವಿನ ಮಾತು, ತಾನು ನಕ್ಕದ್ದು, ಎಲ್ಲವನ್ನೂ ಹೇಳಿದರು. ಮಗಳ ಕಡೆ ತಿರುಗಲಿಲ್ಲ. ನಾಗಶ್ರೀ ಪ್ಲಾಸ್ಟಿಕ್ ಕವರನ್ನು ಮುದುರುತ್ತ ಮುದುರುತ್ತ ಮುಷ್ಟಿಯೊಳಗೆ ಉಂಡೆ ಮಾಡಿದ್ದಳು.

"ಪೈಪ್ ಹಾಕಿ ಅಂತ ಅವ್ರೇ ಕೇಳ್ಕೊಂಡಿದ್ರಾ ಅಪ್ಪ?" ಎಂದಳು. "ಬಾಯ್ಬಿಟ್ಟು ಕೇಳ್ಕೊಂಡಿದ್ರಾ?"

ರೂಪ ನಿಟ್ಟುಸಿರಿಟ್ಟರು. "ತಲೆನೋವು ಯಾರಿಗೆ ಬರಲ್ಲ ಯಜಮಾನ್ರೇ? ಪೈಪ್ ಹಾಕಿಲ್ಲ ಅಂತ ನೀವೇ ಅಂತೀರಿ. ಅಂದ್ಮೇಲೆ ಅವತ್ತು ಹೊಗೆ ಇತ್ತೋ ಇಲ್ವೋ ನಿಮಗೂ ಗೊತ್ತಿಲ್ಲ. ಬಾನೆಟ್ ಎತ್ತಿ ನೋಡಿದ್ರಾ?"

ಸದಾಶಿವಪ್ಪನವರು ಕೂಸನ್ನು ಮುಚ್ಚಿದ್ದ ಸೆರಗಿನ ಕಡೆ ನೋಡಿದರು.

"ನೋಡಿಲ್ಲ. ಹಂಗಾದ್ರೆ ನಾಳೆ ನಾನು..."

ಸೆರಗಿನಡಿಯಲ್ಲಿ ಕೂಸು ನಿದ್ದೆಗಣ್ಣಿನಲ್ಲೇ ಒಮ್ಮೆ ಮುಲುಗಿತು.

"ಬಿಚ್ಚಿದ್ದೇ ನಾನು," ಎಂದರು ಸದಾಶಿವಪ್ಪನವರು.

ರೂಪ ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಏನು?"

"ನಟ್ಟು ಬಿಚ್ಚಿದ್ದು ನಾನೇ ಅಂದೆ ತಾಯಿ. ಅವತ್ತೇ. ಅವ್ರು ಕಾಫಿ ಕುಡೀತಿದ್ರು, ನಾನು ಬಾನೆಟ್ ಎತ್ತಿ ಬಿಚ್ದೆ. ಬರ್ಕಳಿ."

ಮಗಳನ್ನು ಉಳಿಸಲು ಮುದುಕರು ಸುಳ್ಳಿಗೆ ಇಳಿದರೆಂದು ಮಲ್ಲಿಕಾರ್ಜುನನಿಗೆ ತಟ್ಟನೆ ಹೊಳೆಯಿತು. ಆ ದಿನ ಬಿಚ್ಚಿದ್ದಾದರೆ ಅದಕ್ಕೂ ಮುಂಚಿನ ತಲೆನೋವು ಎಲ್ಲಿಂದ ಬಂತು? ಒಬ್ಬರೇ ಹೇಳಿದ ಎರಡು ಮಾತಿನಲ್ಲಿ ಒಂದು ಸುಳ್ಳಾಗಲೇಬೇಕು. "ಮೇಡಂ, ಇವರು..." ಎಂದು ಅವನು ಎದ್ದ. ರೂಪ ಕೈ ಅಡ್ಡ ಹಿಡಿದರು.

"ಎಷ್ಟು ನಟ್ಟು?"

"ಎರಡು."

"ಇದ್ದದ್ದೇ ಎರಡಾ?"

"ಮೂರು. ಮೂರನೇದು ತುಕ್ಕಿಡ್ದಿತ್ತು. ಸ್ಪ್ಯಾನರ್ ಜಾರಿ ಮೂಲೆ ಹೋಯ್ತು. ಬರ್ಲಿಲ್ಲ, ಬಿಟ್ಬಿಟ್ಟೆ."

"ಫೋಟೋ ಇದೆಯಾ?" ಎಂದು ರೂಪ ಮಲ್ಲಿಕಾರ್ಜುನನ ಕಡೆ ಅಂಗೈ ಚಾಚಿದರು. ಅವನು ಜೇಬಿನಿಂದ ಫೋನು ತೆಗೆದು ಕೊಟ್ಟ. ಆ ಚಿತ್ರವನ್ನು ಅವನು ಇನ್ನೂ ಯಾರಿಗೂ ತೋರಿಸಿರಲಿಲ್ಲ. ನಟ್ಟು ಎಂಬ ಶಬ್ದವನ್ನೇ ಇವತ್ತಿಡೀ ಸದಾಶಿವಪ್ಪನವರ ಮುಂದೆ ಆಡಿರಲಿಲ್ಲ. ನಿನ್ನೆ ಕಾರು ತರುವಾಗ ಅವರೂ ಜೊತೆಗೆ ಬಂದಿದ್ದರು, ನಿಜ. ಹಗ್ಗ ಕಟ್ಟುವ ಗಡಿಬಿಡಿಯಲ್ಲಿ ಬಾನೆಟ್ ಎತ್ತಿ ನೋಡಿದ್ದರೇ? ಆ ತಗಡನ್ನು ಕಳಚದೆ ಅದು ಕಾಣುವುದಾದರೂ ಹೇಗೆ? ತಲೆನೋವಿನ ಮಾತು ಸುಳ್ಳೋ, ನಟ್ಟಿನ ಮಾತು ಸುಳ್ಳೋ, ಅವನಿಗೀಗ ಹೇಳಲಾಗಲಿಲ್ಲ.

ರೂಪ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಮೂರನೆಯ ನಟ್ಟಿನ ಉಜ್ಜಿಹೋದ ಮೂಲೆಯ ಮೇಲೆ ಅವರ ಬೆರಳು ನಿಂತಿತು.

"ಯಾಕೆ ಮಾಡಿದ್ರಿ?"

"ನನ್ ಮಗಳನ್ನ ಅವ್ರು ಚೆನ್ನಾಗಿ ನೋಡ್ಕತಿರ್ಲಿಲ್ಲ."

"ಅಪ್ಪ!" ನಾಗಶ್ರೀಯ ದನಿ ಮೇಲೇಳಲಿಲ್ಲ, ಒಡೆಯಿತು. "ಅವ್ರು ನಂಗೆ ಒಂದ್ ಮಾತೂ ಅಂದೋರಲ್ಲ. ಬಂದಾಗೆಲ್ಲ ನಿಮ್ಗೆ ಹೇಳ್ತಿದ್ನಲ್ಲಪ್ಪ. ಖುಷಿಯಾಗಿದೀನಿ ಅಂತ ಹೇಳ್ತಿದ್ನಲ್ಲ..."

ಸದಾಶಿವಪ್ಪನವರು ಕಟ್ಟಿಕೊಂಡಿದ್ದ ಕೈ ಬಿಚ್ಚಲಿಲ್ಲ. ಅವಳು ಅವರ ಮುಖವನ್ನು ನೋಡುತ್ತ ನೋಡುತ್ತ, ಅಲ್ಲಿ ತನಗೆ ಬೇಕಾದದ್ದು ಸಿಗದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು. ಅವಳು ನಂಬಿಬಿಟ್ಟಳೆಂದು ಮಲ್ಲಿಕಾರ್ಜುನನಿಗೆ ತಿಳಿಯಿತು. ಅದು ಸದಾಶಿವಪ್ಪನವರಿಗೂ ತಿಳಿಯಿತು.

ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆಂಚಿನಿಂದ ಶಿವರತ್ನಮ್ಮ ಎದ್ದರು. ಬೈಯಲಿಲ್ಲ, ಶಪಿಸಲಿಲ್ಲ. ಮೊಣಕಾಲು ಹಿಡಿದುಕೊಂಡು ನಡೆದು ಬಂದು ಸೊಸೆಯ ಮುಂದೆ ನಿಂತರು.

"ನಿನ್ನ ಅಂದ್ಬುಟ್ಟೆ ಕಣವ್ವ," ಎಂದರು. "ತಕ್ಕಾ."

ಕೂಸು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟುವಾಗ ಎಚ್ಚರವಾಯಿತು. ತಾಯಿಯ ಮುಖವನ್ನು ಗುರುತು ಹಿಡಿಯುವಷ್ಟು ನಿದ್ದೆ ಇನ್ನೂ ಬಿಟ್ಟಿರಲಿಲ್ಲ. ಅವಳ ಭುಜದಾಚೆ, ಮೇಜಿನ ಪಕ್ಕ ನಿಂತಿದ್ದ ಬಿಳಿ ಅಂಗಿ ಮಾತ್ರ ಕಂಡಿತು.

"ತಾತಾ," ಎಂದು ಎರಡೂ ಕೈ ಚಾಚಿತು.

ನಾಗಶ್ರೀ ಮಗುವಿನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.